ಹೊಗಳಿಕೆಗೆ ರಸೀದಿ ಉಂಟು

ಕುಬೇರರು ದಾನ ಮಾಡಿದಾಗಲೆಲ್ಲ ಒಂದು ತಕರಾರು ಏಳುತ್ತದೆ: ಇವರನ್ನು ಹೊಗಳಬೇಕೋ ಬೇಡವೋ? ಒಂದು ಪಕ್ಷ ‘ಕಲಿಯುಗದ ಕರ್ಣ’ ಎಂದು ಜೈಕಾರ ಹಾಕುತ್ತದೆ. ಇನ್ನೊಂದು ಪಕ್ಷ ‘ಮೊದಲು ಕೂಲಿ ಸರಿಯಾಗಿ ಕೊಡಲಿ’ ಎಂದು ಗೊಣಗುತ್ತದೆ. ಎರಡೂ ಪಕ್ಷದವರಿಗೆ ವ್ಯಾಪಾರ ತಿಳಿಯದು. ದುಡ್ಡು ಎಣಿಸಿಕೊಟ್ಟ ಗಿರಾಕಿಯನ್ನು ‘ಈ ಸಾಮಾನಿಗೆ ನೀನು ಯೋಗ್ಯನೇನಯ್ಯ?’ ಎಂದು ಯಾರಾದರೂ ಕೇಳುತ್ತಾರೆಯೇ? ಹೊಗಳಿಕೆಯನ್ನು ಅವರು ಕೊಂಡಿದ್ದಾರೆ, ರಸೀದಿ ಇದೆ. ಮಾಲು ತಲುಪಿಸುವುದಷ್ಟೇ ನಮ್ಮ ಕೆಲಸ.

ನಂಬಿಕೆ ಬಾರದಿದ್ದರೆ ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಕಥೆ ಕೇಳಿ. ಆಡಿಯೊ ಉಪಕರಣ ತಯಾರಿಸುತ್ತಿದ್ದ ಏವರಿ ಫಿಶರ್ 1973ರಲ್ಲಿ ಅಲ್ಲಿನ ಸಂಗೀತ ಸಭಾಂಗಣಕ್ಕೆ 1.05 ಕೋಟಿ ಡಾಲರ್ ಕೊಟ್ಟರು. ಸಭಾಂಗಣಕ್ಕೆ ಅವರ ಹೆಸರು ಬಂತು, ಆಚಂದ್ರಾರ್ಕವಾಗಿ. ನಾಲ್ಕು ದಶಕ ಕಳೆಯಿತು. ಕಟ್ಟಡವನ್ನು ನವೀಕರಿಸಬೇಕು, ಅದಕ್ಕೆ ದುಡ್ಡು ಬೇಕು, ದುಡ್ಡು ಕೊಡುವವನಿಗೆ ಹೆಸರು ಬೇಕು, ಹೆಸರಿನ ಜಾಗವೋ ಖಾಲಿಯಿಲ್ಲ. ಕೊನೆಗೆ 2014ರಲ್ಲಿ ಸಂಸ್ಥೆಯೇ ಫಿಶರ್ ಕುಟುಂಬಕ್ಕೆ 1.5 ಕೋಟಿ ಡಾಲರ್ ಕೊಟ್ಟು ಆ ಹೆಸರನ್ನು ಬಿಡಿಸಿಕೊಂಡಿತು. ಮರುವರ್ಷ ಡೇವಿಡ್ ಗೆಫೆನ್ 10 ಕೋಟಿ ಡಾಲರ್ ಘೋಷಿಸಿದರು. ಗೋಡೆಯ ಮೇಲೆ ಈಗ ಅವರ ಹೆಸರಿದೆ. ಚಂದ್ರ ಸೂರ್ಯರು ಇನ್ನೂ ಇದ್ದಾರೆ, ಫಿಶರ್ ಇಲ್ಲ. ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ದಾನಿಯ ಮನೆಗೇ ವಾಪಸು ಬಂದ ಕಥೆಯನ್ನು ನಾನಂತೂ ಯಾವ ಪುರಾಣದಲ್ಲೂ ಕೇಳಿಲ್ಲ. (ಹಣದುಬ್ಬರ ಹಿಡಿದು ನೋಡಿದರೆ ಕುಟುಂಬಕ್ಕೆ ನಷ್ಟವೇ ಆಗಿದೆ. ಆದರೆ ದಾನದಲ್ಲಿ ಲಾಭ ನಷ್ಟ ನೋಡುವುದು ಸಣ್ಣತನ.)

ಕರ್ಣನ ಹೆಸರು ಬಂತಲ್ಲ, ಪಾಪ, ಅವನಿಗೆ ಈ ಯಾವ ಸೌಲಭ್ಯವೂ ಇರಲಿಲ್ಲ. ಕವಚವನ್ನು ಮೈಯಿಂದ ಸುಲಿದು ಕೊಟ್ಟ. ಅಮರಾವತಿಯ ಹೆಬ್ಬಾಗಿಲಿಗೆ ‘ಕರ್ಣ ದ್ವಾರ’ ಎಂದು ಬೋರ್ಡು ಹಾಕಿಸಲಿಲ್ಲ. ಬದಲಿಗೆ ಒಂದು ಶಕ್ತ್ಯಾಯುಧ ಸಿಕ್ಕಿತು ಅನ್ನಿ, ಅದೂ ಒಂದೇ ಸಲ ಬಳಸುವ ಸಾಮಾನು. ಈಗಿನ ದಾನಿಗಳಿಗೆ ದೊರೆಯುವ ತೆರಿಗೆ ವಿನಾಯಿತಿಯನ್ನು ವರ್ಷ ವರ್ಷವೂ ಪ್ರಯೋಗಿಸಬಹುದು.

ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆಯ ಭಾಷ್ಯವನ್ನು 2019ರಲ್ಲಿ ಪ್ಯಾರಿಸ್ಸಿನವರು ಬರೆದರು. ಏಪ್ರಿಲ್ 15ರಂದು ನೋತ್ರ್ ದಾಮ್ ಚರ್ಚಿಗೆ ಬೆಂಕಿ ಬಿತ್ತು. ಬೂದಿ ಆರುವ ಮುನ್ನವೇ ಫ್ರಾನ್ಸಿನ ಕುಬೇರರಾದ ಪಿನೋ ಕುಟುಂಬದಿಂದ 10 ಕೋಟಿ ಯೂರೊ, ಅರ್ನೋ ಕುಟುಂಬ ಮತ್ತವರ ಕಂಪನಿಯಿಂದ 20 ಕೋಟಿ ಯೂರೊ ಘೋಷಣೆ. ಫ್ರಾನ್ಸಿನ ಕಾನೂನಿನಂತೆ ಕಂಪನಿಯೊಂದು ಇಂಥ ದಾನ ಕೊಟ್ಟರೆ ಅದರ ಶೇಕಡಾ 60ರಷ್ಟು ತೆರಿಗೆಯಲ್ಲಿ ಕಡಿತವಾಗುತ್ತದೆ. ಅಂದರೆ ನೂರರಲ್ಲಿ 60 ಜನರ ಬೊಕ್ಕಸದ್ದು, 40 ದಾನಿಯದು, ಹೆಸರು ಮಾತ್ರ ಪೂರ್ತಿ ನೂರಕ್ಕೆ. ಇದೂ ಸಾಲದೆಂದು ಪಿನೋ ಅವರ ಸಲಹೆಗಾರರೊಬ್ಬರು, ಹಿಂದೆ ಸಂಸ್ಕೃತಿ ಸಚಿವರಾಗಿದ್ದವರು, ವಿನಾಯಿತಿಯನ್ನು ಶೇಕಡಾ 90ಕ್ಕೆ ಏರಿಸಿ ಎಂದರು. ಜನ ರೊಚ್ಚಿಗೆದ್ದರು. ಪಿನೋ ಕುಟುಂಬ ‘ನಮಗೆ ವಿನಾಯಿತಿಯೇ ಬೇಡ’ ಎಂದಿತು, ಅದಕ್ಕೂ ಚಪ್ಪಾಳೆ ಬಿತ್ತು. ಬರಬೇಕಾದ ತೆರಿಗೆ ಬಂದದ್ದಕ್ಕೆ ಚಪ್ಪಾಳೆ! ತಿಂಗಳ ಸಂಬಳದಲ್ಲೇ ತೆರಿಗೆ ಹಿಡಿಸಿಕೊಳ್ಳುವ ಗುಮಾಸ್ತನಿಗೆ ಆ ಲೆಕ್ಕದಲ್ಲಿ ಪ್ರತಿ ತಿಂಗಳೂ ಮೆರವಣಿಗೆ ಆಗಬೇಕು. ಇತ್ತ ಜೂನ್ ತನಕ ಚರ್ಚಿನ ಕೆಲಸ ನಡೆದದ್ದು ಸಣ್ಣಪುಟ್ಟವರು ಕಳಿಸಿದ ಹಣದಲ್ಲಿ. ದೊಡ್ಡವರ ಹಣ ನಿಧಾನವಾಗಿ ಬಂತು, ಹೊಗಳಿಕೆ ಮುಂಗಡವಾಗಿಯೇ ಸಂದಾಯವಾಗಿತ್ತು.

ಮುಂಗಡ ಹೊಗಳಿಕೆಗೆ ಅಮೆರಿಕದಲ್ಲಿ ಒಳ್ಳೆಯ ಏರ್ಪಾಡೇ ಇದೆ. 2010ರಲ್ಲಿ ಗೇಟ್ಸ್ ಮತ್ತು ಬಫೆಟ್ ಸೇರಿ ಒಂದು ಪ್ರತಿಜ್ಞೆ ಹೊರಡಿಸಿದರು: ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬದುಕಿದ್ದಾಗಲೋ ಉಯಿಲಿನಲ್ಲೋ ಕೊಡುತ್ತೇವೆ. ಕಾನೂನಿನ ಕಟ್ಟುಪಾಡಿಲ್ಲ, ನೈತಿಕ ಬದ್ಧತೆ ಅಷ್ಟೆ. ಸಹಿ ಹಾಕಿದ ಅನೇಕರ ಆಸ್ತಿ ಕರಗುವ ಬದಲು ಉಬ್ಬಿತು. ಇನ್ನು ದಾನಿಯ ಸಲಹೆಯಂತೆ ನಡೆಯುವ ನಿಧಿಗಳಿವೆ. ದುಡ್ಡನ್ನು ಅಲ್ಲಿ ಇಟ್ಟ ವರ್ಷವೇ ತೆರಿಗೆ ಕಡಿತ ಸಿಗುತ್ತದೆ. ಅಲ್ಲಿಂದ ಬಡವನ ಕೈಗೆ ಯಾವಾಗ ತಲುಪಬೇಕು ಎಂಬುದಕ್ಕೆ ಗಡುವಿಲ್ಲ. ಹಸಿವಿಗೆ ಅವಸರವಿರಬಹುದು, ದಾನಕ್ಕೆ ಯಾಕೆ?

ಈ ವಿದ್ಯೆಯ ಕುಲಗುರು ಆಂಡ್ರ್ಯೂ ಕಾರ್ನೆಗಿ. ಶ್ರೀಮಂತನಾಗಿಯೇ ಸಾಯುವವನು ಮಾನಗೆಟ್ಟು ಸಾಯುತ್ತಾನೆ ಎಂದು 1889ರಲ್ಲಿ ಬರೆದ ಪುಣ್ಯಾತ್ಮ. ಮೂರು ವರ್ಷದ ನಂತರ ಅವನ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ಜಗಳ ಹತ್ತಿತು. ಯಜಮಾನರು ಸ್ಕಾಟ್ಲೆಂಡಿನಲ್ಲಿ ವಿಶ್ರಾಂತಿಯಲ್ಲಿದ್ದರು. ಇಲ್ಲಿ ಅವರ ಕಡೆಯವರು ಕಾರ್ಖಾನೆಗೆ ಬೀಗ ಜಡಿದು, ಸುಮಾರು 300 ಬಾಡಿಗೆ ಕಾವಲುಗಾರರನ್ನು ದೋಣಿಗಳಲ್ಲಿ ತರಿಸಿದರು. ಗುಂಡು ಹಾರಿತು, ಎರಡೂ ಕಡೆ ಹೆಣ ಬಿತ್ತು, ಕಾರ್ಮಿಕ ಸಂಘ ಮುರಿಯಿತು. 1898ರಲ್ಲಿ ಅಲ್ಲೇ ಕಾರ್ನೆಗಿ ಗ್ರಂಥಾಲಯ ಬಾಗಿಲು ತೆರೆಯಿತು, ಸಂಗೀತ ಸಭಾಂಗಣ ಮತ್ತು ಈಜುಕೊಳ ಸಮೇತ. ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ಬೆಂದವನು ಉಳಿದ ಹೊತ್ತಿನಲ್ಲಿ ಓದಬೇಕು, ಸಂಗೀತ ಕೇಳಬೇಕು, ಈಜಬೇಕು. ನಿದ್ದೆಗೆ ಪ್ರತ್ಯೇಕ ದಾನಿ ಸಿಕ್ಕಿರಲಿಲ್ಲ.

ಅದರ ಬದಲು ಕೂಲಿಯನ್ನೇ ಹೆಚ್ಚಿಸಬಹುದಿತ್ತಲ್ಲ ಎನ್ನುವವರು ಕಾರ್ನೆಗಿಯ ಕಷ್ಟವನ್ನೂ ನೋಡಬೇಕು. ಕೂಲಿಯ ಮೇಲೆ ಹೆಸರು ಕೆತ್ತುವುದು ಎಲ್ಲಿ? ಸಂಬಳ ಮನೆ ಸೇರುವಷ್ಟರಲ್ಲಿ ಸಾಲಕ್ಕೆ, ಬಾಡಿಗೆಗೆ, ಮಗುವಿನ ಔಷಧಕ್ಕೆ ಹಂಚಿಹೋಗುತ್ತದೆ, ಕೊಟ್ಟವನ ಕುರುಹೂ ಉಳಿಯುವುದಿಲ್ಲ. ಕಲ್ಲಿನ ಕಟ್ಟಡ ಹಾಗಲ್ಲ. ಅವನು ಲೋಕದಲ್ಲೆಲ್ಲ 2500ರಷ್ಟು ಗ್ರಂಥಾಲಯ ಕಟ್ಟಿಸಿದ. ಅಲ್ಲಿ ಓದಿ ಮೇಲೆ ಬಂದವರು ಎಷ್ಟೋ ಮಂದಿ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆ ಪುಸ್ತಕಗಳ ಋಣ ಕುಲುಮೆಯ ಮುಂದೆ ನಿಂತವರಿಗೂ ಸಲ್ಲಬೇಕಲ್ಲವೇ ಎಂದರೆ, ಫಲಕದಲ್ಲಿ ಅಷ್ಟು ಜಾಗವಿಲ್ಲ.

ಜಾಗದ ಅಭಾವ ವಿಜ್ಞಾನದಲ್ಲೂ ಇದೆ. ಹಳದಿ ಜ್ವರದ ಲಸಿಕೆ ರೂಪುಗೊಂಡದ್ದು ರಾಕ್‌ಫೆಲ್ಲರ್ ಪ್ರತಿಷ್ಠಾನದ ಪ್ರಯೋಗಾಲಯದಲ್ಲಿ. ಅದಕ್ಕಾಗಿ 1951ರಲ್ಲಿ ನೊಬೆಲ್ ಪಡೆದವರು ಮ್ಯಾಕ್ಸ್ ಥೈಲರ್. ಥೈಲರ್ ಯಾರು ಎಂದು ಹತ್ತು ಜನರನ್ನು ಕೇಳಿ ನೋಡಿ. ರಾಕ್‌ಫೆಲ್ಲರ್ ಯಾರೆಂದು ಯಾರೂ ಕೇಳಬೇಕಿಲ್ಲ.

ಕೊಂಡ ಹೆಸರು ಕೆಲವೊಮ್ಮೆ ಕೆಡುವುದೂ ಉಂಟು. ಸ್ಯಾಕ್ಲರ್ ಕುಟುಂಬದ ಪರ್ಡ್ಯೂ ಕಂಪನಿ 1996ರಿಂದ ಮಾರಿದ ಆಕ್ಸಿಕಾಂಟಿನ್ ನೋವಿನ ಮಾತ್ರೆ ಅಮೆರಿಕಕ್ಕೆ ವ್ಯಸನ ಹತ್ತಿಸಿದ ಮಾತ್ರೆಗಳಲ್ಲೊಂದು. ದಾನ ಕೊಟ್ಟು ಗೋಡೆಗೇರಿದ್ದ ಅವರ ಹೆಸರನ್ನು 2019ರಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಕಿತ್ತಿತು, 2021ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕಿತ್ತಿತು. ದುಡ್ಡನ್ನು ಕಿತ್ತು ವಾಪಸು ಕೊಟ್ಟ ಸುದ್ದಿ ಮಾತ್ರ ಬರಲಿಲ್ಲ. ಈ ಅನುಭವದಿಂದ ಸಂಸ್ಥೆಗಳಿಗೆ ನನ್ನದೊಂದು ಸಲಹೆ: ಹೆಸರನ್ನು ಕಲ್ಲಿನಲ್ಲಿ ಕೆತ್ತಬೇಡಿ, ತಗಡಿನಲ್ಲಿ ಬರೆಸಿ ಸ್ಕ್ರೂ ಹಾಕಿ.

ಇಷ್ಟು ಸಲೀಸಾಗಿ ನಡೆದಿದ್ದ ವ್ಯಾಪಾರಕ್ಕೆ ಒಬ್ಬ ಮನುಷ್ಯ ಮಾತ್ರ ಹುಳಿ ಹಿಂಡಿದ. ಡ್ಯೂಟಿ ಫ್ರೀ ಅಂಗಡಿಗಳಲ್ಲಿ ಹಣ ಮಾಡಿದ ಚಕ್ ಫೀನಿ ಸುಮಾರು 800 ಕೋಟಿ ಡಾಲರ್ ಹಂಚಿದ, 1997ರ ತನಕ ಗುಟ್ಟಾಗಿ. ಅವನ ದುಡ್ಡಿನಲ್ಲಿ ಎದ್ದ ಕಟ್ಟಡಗಳ ಮೇಲೆ ಅವನ ಹೆಸರಿಲ್ಲ. 2020ರಲ್ಲಿ ಪ್ರತಿಷ್ಠಾನವನ್ನೇ ಖಾಲಿ ಮಾಡಿ ಮುಚ್ಚಿದ. ಬಾಡಿಗೆ ಮನೆಯಲ್ಲಿದ್ದು, ಅಗ್ಗದ ಪ್ಲಾಸ್ಟಿಕ್ ವಾಚು ಕಟ್ಟಿಕೊಂಡು ತಿರುಗಿ, 2023ರಲ್ಲಿ ತೀರಿಕೊಂಡ. ಇವನನ್ನಾದರೂ ಹೊಗಳೋಣ ಎಂದು ಕೆಲವರು ನನ್ನ ಮೇಲೆ ಒತ್ತಡ ತರುತ್ತಿದ್ದಾರೆ. ಸಾಧ್ಯವಿಲ್ಲ. ಕಡತವೆಲ್ಲ ಹುಡುಕಿದ್ದಾಯಿತು, ಹೊಗಳಿಕೆಯ ಬಾಬ್ತು ಈ ಆಸಾಮಿ ಒಂದು ಕಾಸೂ ಕಟ್ಟಿಲ್ಲ. ಕಟ್ಟದವನಿಗೆಲ್ಲ ಮಾಲು ಕೊಡುತ್ತ ಹೋದರೆ ಅಂಗಡಿ ನಡೆಯಬೇಡವೇ?