‘ಇದೊಂದು ಮುಗಿಯಲಿ’ ಎಂಬ ಕಾಟ

ಯಾರನ್ನು ಮಾತನಾಡಿಸಿದರೂ ‘ಇದೊಂದು ಮುಗಿದುಬಿಡಲಿ, ಆಮೇಲೆ ನೆಮ್ಮದಿ’ ಎಂಬ ಉತ್ತರವನ್ನೇ ಕೇಳಿ ಕೇಳಿ ನನಗೆ ಸಾಕುಸಾಕಾಗಿದೆ. ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಸಾಲ ತೀರಲಿ, ಮಕ್ಕಳು ದೊಡ್ಡವರಾಗಲಿ, ಕೊನೆಗೆ ನಿವೃತ್ತಿಯಾಗಲಿ. ನಿವೃತ್ತರಾದವರನ್ನು ವಿಚಾರಿಸಿದರೆ ಮಂಡಿನೋವು ಕಡಿಮೆಯಾಗಲಿ ಎನ್ನುತ್ತಾರೆ. ನಿಜವಾದ ಕಷ್ಟದಲ್ಲಿರುವವರು ನಾಳೆಯನ್ನು ನೆಚ್ಚಿಕೊಳ್ಳುವುದು ಬೇರೆ ಮಾತು, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೋಮವಾರ ಬೆಳಿಗ್ಗೆಯೇ ಶನಿವಾರಕ್ಕಾಗಿ ಹಂಬಲಿಸುವವರು, ವಾರಕ್ಕೆ 5 ದಿನಗಳಂತೆ 52 ವಾರಗಳಲ್ಲಿ 260 ದಿನಗಳನ್ನು ‘ಬೇಗ ತೊಲಗಲಿ’ ಎಂದು ತಾವೇ ಸಾಗಹಾಕಿ, ಆಮೇಲೆ ‘ವರ್ಷ ಹೇಗೆ ಕಳೆಯಿತೋ ಗೊತ್ತೇ ಆಗಲಿಲ್ಲ’ ಎಂದು ಅಲವತ್ತುಕೊಳ್ಳುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಹಾಗೆ ನೋಡಿದರೆ ನನ್ನದೂ ಅದೇ ಕಥೆ. ಒಳ್ಳೆಯ ದಿನ ಬಂದಾಗ ಹೊದೆಯೋಣವೆಂದು ಬೀರುವಿನಲ್ಲಿ ಜೋಪಾನವಾಗಿ ತೆಗೆದಿಟ್ಟಿದ್ದ ಉಣ್ಣೆಯ ಶಾಲನ್ನು ಮೊನ್ನೆ ಬಿಚ್ಚಿ ನೋಡಿದರೆ, ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಮಾಸಿ, ಅಂಚಿನಲ್ಲಿ ನುಸಿ ತಿಂದ ಸಣ್ಣ ತೂತುಗಳು ಸಾಲಾಗಿ ಕಾಣಿಸಿದವು. ನುಸಿಗುಳಿಗೆಯ ವಾಸನೆಯೊಂದು ಮಾತ್ರ ಹೊಸದರಂತೆಯೇ ಇತ್ತು. ಅದನ್ನೇ ಹೊದ್ದುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಿಟಕಿಯ ಸರಳಿನ ಮೇಲೆ ಮಳೆಹನಿಗಳು ಒಂದನ್ನೊಂದು ನೂಕುತ್ತಾ ಜಾರುತ್ತಿವೆ, ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಇಂದು ಯಾರೂ ಯಾವುದಕ್ಕೂ ಅವಸರಪಡಿಸುತ್ತಿಲ್ಲ. ಇದೇ ಸುಖವಲ್ಲವೇ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ನಿಟ್ಟುಸಿರಿನೊಡನೆ ಮಾತು ಬಂತು: ‘ಈ ಮಳೆಗಾಲವೊಂದು ಮುಗಿದರೆ ಸಾಕಪ್ಪಾ.’