ಸ್ಥಳದಲ್ಲೇ ಸಮಾಧಾನ

ಹೋದ ಭಾನುವಾರ ಬೆಳಿಗ್ಗೆ ಬಾಗಿಲ ಸಂದಿಯಿಂದ ಎರಡು ವಸ್ತು ಒಳಗೆ ಬಂದವು. ಒಂದು, ಅವತ್ತಿನ ಕನ್ನಡ ಪೇಪರು. ಇನ್ನೊಂದು, ನಮ್ಮ ಆಮದಾರ ಸಾಹೇಬರ ‘ಕಾರ್ಯ ಅಹವಾಲ’, ಅಂದರೆ ವರ್ಷದ ಕೆಲಸದ ವರದಿ. ಪೇಪರು ಮಳೆಯಲ್ಲಿ ನೆನೆದು ಮುದ್ದೆಯಾಗಿತ್ತು. ಅಹವಾಲಕ್ಕೆ ಒಂದು ಹನಿ ತಾಗಿರಲಿಲ್ಲ. ಅಷ್ಟು ನುಣುಪು ಕಾಗದ, ನೀರು ಅದರ ಮೇಲೆ ನಿಲ್ಲುವುದೇ ಇಲ್ಲ. ನಿಲ್ಲುವುದೆಲ್ಲ ನಮ್ಮ ಗಲ್ಲಿಯಲ್ಲಿ.

ಊರಲ್ಲಿರುವವರಿಗೆ ಒಂದು ಮಾತು. ಇಲ್ಲಿ ಮುಂಬಯಿಯಲ್ಲಿ ಶಾಸಕರನ್ನು ಆಮದಾರ ಅನ್ನುತ್ತೇವೆ, ಸಂಸದರನ್ನು ಖಾಸದಾರ. ಇಡೀ ಮಹಾರಾಷ್ಟ್ರಕ್ಕೆ 288 ಆಮದಾರರು, ಅದರಲ್ಲಿ ಮುಂಬಯಿಯ ಪಾಲು 36. ನಮ್ಮವರು ಆ 36ರಲ್ಲಿ ಯಾರು ಎಂದು ಕೇಳಬೇಡಿ. ಸ್ಟೇಷನ್ನಿನ ಹೆಸರು ಹೇಳಿದರೆ ಅವರ ಹೆಸರು ಹೇಳಿದ ಹಾಗೆಯೇ, ನನಗಿನ್ನೂ ಇದೇ ಗಲ್ಲಿಯಲ್ಲಿ ಬಾಳ್ವೆ ಮಾಡುವುದಿದೆ. ಸೆಂಟ್ರಲ್ ಲೈನಿನ ಪೂರ್ವಕ್ಕೆ, ರಿಕ್ಷಾದವನು ತಲೆ ಅಲ್ಲಾಡಿಸಿ ಮುಂದೆ ಹೋಗಿಬಿಡುವ ದಿಕ್ಕಿಗೆ. ಇಷ್ಟು ಸಾಕು.

ಅಹವಾಲ 32 ಪುಟ. ಚಹಾ ಆರುವುದರೊಳಗೆ ನನ್ನಾಕೆ ಫೋಟೊ ಎಣಿಸಿ ಮುಗಿಸಿದಳು. ಸಾಹೇಬರು 54 ಕಡೆ ಇದ್ದರು. “ಏನ್ರೀ, ಗಟಾರದ ಫೋಟೊದಾಗ ಗಟಾರನ ಕಾಣವಲ್ದು ನೋಡ್ರಿ” ಅಂದಳು. ಹೌದು. ಸಾಹೇಬರು, ಅವರ ಕೈಯಲ್ಲಿ ತೆಂಗಿನಕಾಯಿ, ಹಿಂದೆ ಹನ್ನೊಂದು ಜನ ಕಾರ್ಯಕರ್ತರು. ಗಟಾರ ಇವರೆಲ್ಲರ ಕಾಲಡಿಯಲ್ಲಿ ಎಲ್ಲೋ ವಿನಯದಿಂದ ಹರಿಯುತ್ತಿರಬೇಕು.

ಗಟಾರ ಪಾಲಿಕೆಯದಲ್ಲವೇ, ಆಮದಾರರಿಗೆ ಅಲ್ಲೇನು ಕೆಲಸ ಎಂದು ಕೇಳುವವರು ಇತ್ತೀಚಿನ ಚರಿತ್ರೆ ಮರೆತವರು. 2022ರ ಮಾರ್ಚಿಯಲ್ಲಿ ಪಾಲಿಕೆಯ ಅವಧಿ ಮುಗಿಯಿತು, ನಗರಸೇವಕರು, ಅಂದರೆ ಪಾಲಿಕೆಯ ಸದಸ್ಯರು, ಮನೆಗೆ ಹೋದರು, ಅಧಿಕಾರಿಯೊಬ್ಬರು ಆಡಳಿತಾಧಿಕಾರಿಯಾಗಿ ಕೂತರು. 2026ರ ಜನವರಿಯ ಚುನಾವಣೆಯಲ್ಲಿ 227 ಹೊಸಬರು ಆರಿಸಿಬರುವ ತನಕ ಈ ಶಹರದ ಗಟಾರಕ್ಕೆ ಹೇಳುವವರು ಕೇಳುವವರು ಇರಲಿಲ್ಲ. ಸಾಹೇಬರು ಅದನ್ನು ದತ್ತು ತೆಗೆದುಕೊಂಡರು. ಈಗ ನಿಜವಾದ ತಂದೆ ಬಂದು ಬಾಗಿಲಲ್ಲಿ ನಿಂತಿದ್ದಾನೆ, ದತ್ತು ತಂದೆ ಬಿಡಲೊಲ್ಲ. ಹಾಗಾಗಿ ಒಂದೇ ಗಟಾರಕ್ಕೆ ಎರಡೆರಡು ಭೂಮಿಪೂಜನ, ಎರಡೆರಡು ಬೋರ್ಡು. ಬೋರ್ಡುಗಳ ಬಗ್ಗೆ ಹೈಕೋರ್ಟು ಎಷ್ಟೋ ವರ್ಷಗಳಿಂದ ಸಿಟ್ಟಾಗುತ್ತಲೇ ಇದೆ. ಬೋರ್ಡಿನ ಮೇಲಿನ ಮುಖಗಳು ನಗುತ್ತಲೇ ಇವೆ.

ಇದೆಲ್ಲ ಪ್ರತಿವರ್ಷದ್ದೇ, ಇದಕ್ಕಾಗಿ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಈ ಸಲದ ಸುದ್ದಿ 29ನೇ ಪುಟ: ‘ಕನ್ನಡ ಬಾಂಧವರಿಗೆ ವಿಶೇಷ.’

ನಮ್ಮ ಕ್ಷೇತ್ರದಲ್ಲಿ ನಾವು ಕಡಿಮೆಯೇನಿಲ್ಲ. ಹೋಟೆಲಿಗೆಂದು ಬಂದ ಕರಾವಳಿಯವರು, ಬ್ಯಾಂಕಿಗೆಂದು ಬಂದು ರಿಟೈರಾಗಿ ಇಲ್ಲೇ ಉಳಿದ ಧಾರವಾಡದ ನನ್ನಂಥವರು, ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ ಕೂಲಿಗೆ ನಿಲ್ಲುವ ವಿಜಯಪುರ, ಕಲಬುರಗಿ ಕಡೆಯವರು. ನಾವು ನಾವೇ ಒಬ್ಬರನ್ನೊಬ್ಬರು ಮಾತಾಡಿಸುವುದು ಅಪರೂಪ. ಸಾಹೇಬರ ಲೆಕ್ಕದಲ್ಲಿ ಮಾತ್ರ ನಾವೆಲ್ಲ ಒಂದೇ, ‘ಅಣ್ಣಾ.’ ನಾನು ಜೋಶಿ ಎಂದು ಆರು ಸಲ ಹೇಳಿದ್ದೇನೆ. ಏಳನೇ ಸಲವೂ “ಕಾಯ್ ಶೆಟ್ಟಿಸಾಹೇಬ್, ಬರಾ ಆಹೇ ನಾ?” ಎಂದೇ ಕೇಳಿದರು.

ಆ ಪುಟದ ನೆತ್ತಿಯಲ್ಲಿ ಯಕ್ಷಗಾನದ ಕಿರೀಟ ಇಟ್ಟುಕೊಂಡ ಸಾಹೇಬರು. ಕಿರೀಟ ಕಣ್ಣಿನವರೆಗೆ ಇಳಿದದ್ದರಿಂದ ಮುಂದೆ ಕ್ಷೇತ್ರ ಕಾಣುವಂತಿರಲಿಲ್ಲ. ಅಡಿಯಲ್ಲಿ ದಪ್ಪಕ್ಷರ: ‘ಸಮಸ್ತ ಕನ್ನಡ ಬಾಂಧವರಿಗೆ ಓಣಂ ಹಬ್ಬದ ಹಾರ್ದಿಕ ಶುಭಾಶಯಗಳು.’

ಅದರ ಕೆಳಗೆ ವರ್ಷದ ಸಾಧನೆ, ಕನ್ನಡದಲ್ಲಿ. ಕನ್ನಡ ಅಂದರೆ, ಮೂಲ ಮರಾಠಿ. ಆಫೀಸಿನ ಹುಡುಗ ಅದನ್ನು ಮೊದಲು ಹಿಂದಿಗೆ ತಿರುಗಿಸಿ, ಹಿಂದಿಯನ್ನು ಮೊಬೈಲಿಗೆ ತಿನ್ನಿಸಿ ಕನ್ನಡ ಕಕ್ಕಿಸಿದ್ದಾನೆ. ದಾದರಿನಲ್ಲಿ ಗಾಡಿ ಬದಲಿಸುವಾಗ ಆಗುತ್ತದಲ್ಲ, ಹಾಗೆ ಪದಗಳು ಯಾರದೋ ಗಂಟು ಹೊತ್ತುಕೊಂಡು ಇಳಿದಿವೆ. ಮೊದಲು ನಕ್ಕೆ. ಎರಡನೇ ಸಲ ಓದುವಾಗ ನಗು ನಿಂತಿತು. ಮೂವತ್ತೆರಡು ಪುಟದಲ್ಲಿ ನಿಜ ಹೇಳಿದ್ದು ಇದೊಂದೇ ಪುಟ.

‘ಶಾಸಕರಿಗೆ ಸಿಕ್ಕ ನಿಧಿಯಿಂದ ರಸ್ತೆ ಅಗೆತ.’ ಮರಾಠಿಯಲ್ಲಿ ನಿಧಿ ಎಂದರೆ ಅನುದಾನ. ನಮ್ಮಲ್ಲಿ ನಿಧಿ ಎಂದರೆ ಹಾಳುಗುಡಿಯ ಹಿಂದೆ ಅಮಾವಾಸ್ಯೆ ರಾತ್ರಿ ಹುಡುಕುವಂಥದ್ದು. ಮಹಾರಾಷ್ಟ್ರದ ಒಬ್ಬೊಬ್ಬ ಆಮದಾರರ ಹೆಸರಿಗೂ ಸ್ಥಳೀಯ ಅಭಿವೃದ್ಧಿಗೆಂದು ವರ್ಷಕ್ಕೆ 5 ಕೋಟಿ ಇಡುತ್ತಾರೆ. ಅವರು ಕೆಲಸ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ದುಡ್ಡು ಸರಕಾರದ ಬೊಕ್ಕಸದ್ದು. ಅಂದರೆ ನಾನು ಬಿಸ್ಕೀಟು ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿದೆ. ಬೋರ್ಡು ಓದಿದರೆ ಮಾತ್ರ ಸಾಹೇಬರ ಅಜ್ಜ ಹೂತಿಟ್ಟ ಕೊಪ್ಪರಿಗೆಯಿಂದ ಎತ್ತಿ ಕೊಟ್ಟ ಹಾಗೆ. ಅಗೆತವಂತೂ ಸುಳ್ಳಲ್ಲ. ಗ್ಯಾಸಿನವರು, ಕೇಬಲ್ಲಿನವರು, ನೀರಿನವರು ಸರದಿಯ ಮೇಲೆ ಬಂದು ಅಗೆಯುತ್ತಾರೆ. ನಿಧಿ ಯಾರಿಗೆ ಸಿಕ್ಕಿತೋ, ರಸ್ತೆಯಲ್ಲಂತೂ ಉಳಿದಿಲ್ಲ.

‘ಗೇಟಿನ ಎದುರು ಬೆಂಚು, ಅನುಮಾನಿತ ವೆಚ್ಚ’ ಎಂದು ಬರೆದು ಮುಂದೆ ಒಂದು ಅಂಕಿ. ಹಿಂದಿಯಲ್ಲಿ ಅನುಮಾನಿತ ಎಂದರೆ ಅಂದಾಜು. ಕನ್ನಡದಲ್ಲಿ ಓದಿ, ಆಮೇಲೆ ಆ ಅಂಕಿ ನೋಡಿ. ಒಂದಕ್ಷರವೂ ತಿದ್ದುವ ಹಾಗಿಲ್ಲ.

ಈ ಬೆಂಚಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಕೂರುವ ಜಾಗ ಒಂದೂವರೆ ಗೇಣು, ಬೆನ್ನು ಆನಿಸುವ ಹಲಗೆ ಮೂರು ಅಡಿ, ಏಕೆಂದರೆ ಸಾಹೇಬರ ಹೆಸರು, ಬಿರುದು, ಪಕ್ಷದ ಗುರುತು, ಹಿರಿಯ ನಾಯಕರಿಬ್ಬರ ಹೆಸರು ಎಲ್ಲ ಅದರಲ್ಲಿ ಹಿಡಿಯಬೇಕು. ಅಕ್ಷರಗಳು ಉಬ್ಬಿಕೊಂಡಿವೆ, ಅರ್ಧ ಗಂಟೆ ಕೂತರೆ ಬೆನ್ನಿಗೆ ಅಚ್ಚೊತ್ತುತ್ತದೆ. ಗಣಪತಿಗೆ ಮುಂಚೆ ಅದಕ್ಕೆ ಹೊಸ ಕೇಸರಿ ಬಣ್ಣ ಬಳಿದರು, ‘ಬಣ್ಣ ಹಸಿ ಇದೆ’ ಎಂದು ಬರೆಯಲು ಮಾತ್ರ ಜಾಗ ಉಳಿದಿರಲಿಲ್ಲ. ಮೂರನೇ ಮಹಡಿಯ ರಾಯರು ಬಿಳಿ ಅಂಗಿ ತೊಟ್ಟು ವಾಕಿಂಗ್ ಮುಗಿಸಿ ಅಲ್ಲಿ ಕೂತು ಎದ್ದರು. ಬೆನ್ನ ತುಂಬ ಸಾಹೇಬರ ಹೆಸರು, ಉಲ್ಟಾ. ಮೂರು ಸಲ ಒಗೆದರೂ ಹೋಗಲಿಲ್ಲ. ಈಗ ರಾಯರು ಎಲ್ಲಿಗೆ ಹೋದರೂ ಪ್ರಚಾರವೇ, ಕನ್ನಡಿಯಲ್ಲಿ ಓದಬೇಕು ಅಷ್ಟೇ.

ಮುಂದಿನ ಸಾಲು: ‘ರಸ್ತೆಯ ಎಲ್ಲ ಗುಂಡಿಗಳ ತಾತ್ಕಾಲಿಕ ದುರಸ್ತಿ.’ ಮರಾಠಿಯ ‘ತಾತ್ಕಾಳ’ಕ್ಕೆ ‘ಕೂಡಲೇ’ ಎಂಬ ಅರ್ಥ. ಕೂಡಲೇ ಮಾಡಿದರು ಎಂದು ಹೇಳಹೊರಟಿದ್ದರು, ಕನ್ನಡ ಬಾಯಿ ಬಿಟ್ಟಿತು. ಪೇವರ್ ಬ್ಲಾಕು ತಂದು ಗುಂಡಿಗೆ ಸುರಿದು ಹೋದರು, ಮೂರನೇ ಮಳೆಗೆ ಬ್ಲಾಕುಗಳೇ ಎದ್ದು ಕೂತವು. ಮೊದಲು ಗುಂಡಿಗೆ ಬೀಳುತ್ತಿದ್ದೆವು, ಈಗ ಎಡವಿ ಬೀಳುತ್ತೇವೆ. ಇದನ್ನು ಪ್ರಗತಿ ಎನ್ನಬಹುದು.

‘ಕನ್ನಡ ಶಾಲೆಯ ಮಕ್ಕಳಿಗೆ ಉಚಿತ ಶಿಕ್ಷೆ.’ ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಇದು ಹೆಮ್ಮೆಯ ಮಾತೇ, ವ್ಯಂಗ್ಯ ಮಾಡುವುದಿಲ್ಲ. ಆದರೆ ಅವತ್ತು ಹತ್ತು ಗಂಟೆಗೆ ಬರಬೇಕಾದ ಸಾಹೇಬರು ಹನ್ನೆರಡೂವರೆಗೆ ಬಂದರು. ಅಲ್ಲಿಯವರೆಗೆ ಮಕ್ಕಳು ಅಂಗಳದ ಬಿಸಿಲಿನಲ್ಲಿ ಸ್ವಾಗತಗೀತೆ ಬಾಯಲ್ಲಿಟ್ಟುಕೊಂಡು ನಿಂತಿದ್ದವು. ಆಮೇಲೆ ಒಂದೊಂದು ನೋಟ್‌ಬುಕ್ಕು, ಹೊದಿಕೆಯ ಮೇಲೆ ಸಾಹೇಬರ ಮುಖ. ಶಿಕ್ಷೆ ಹೌದು, ಉಚಿತವೂ ಹೌದು.

ಕೆಲವು ಪದ ಮೊಬೈಲಿಗೂ ಜಗ್ಗಿಲ್ಲ. ‘ಪಾಠಪುರಾವಾ’ ಎಂಬುದನ್ನು ಅದು ಇದ್ದ ಹಾಗೇ ಬಿಟ್ಟಿದೆ. ಬೆನ್ನು ಬಿಡದೆ ಕೇಳುತ್ತಿರುವುದು ಎಂದು ಅರ್ಥ. ಕೆಲಸ ಆಗದಿದ್ದರೆ ‘ಪಾಠಪುರಾವಾ ಚಾಲೂ ಇದೆ’. ಇನ್ಯಾರೋ ಮಾಡಿ ಮುಗಿಸಿದ್ದರೆ ‘ಪಾಠಪುರಾವಾಕ್ಕೆ ಯಶಸ್ಸು’. ಈ ಎರಡನೇ ಜಾತಿಯಲ್ಲಿ ಮೆಟ್ರೊ 3 ಇದೆ, 2025ರ ಅಕ್ಟೋಬರದಲ್ಲಿ ಪೂರ್ತಿ ಓಡತೊಡಗಿದ್ದು. ಕಫ್ ಪರೇಡಿನಿಂದ ಆರೆಯವರೆಗೆ 33.5 ಕಿಲೋಮೀಟರಿನಲ್ಲಿ ಎಲ್ಲಿಯೂ ಅದು ನಮ್ಮ ಕ್ಷೇತ್ರದ ಗಾಳಿ ಕೂಡ ಸೋಕಿಸಿಕೊಳ್ಳುವುದಿಲ್ಲ. ತುಳಸಿ, ವಿಹಾರ, ತಾನ್ಸಾ, ಭಾತ್ಸಾ ಸೇರಿ ಶಹರಕ್ಕೆ ನೀರು ಕೊಡುವ ಏಳೂ ಕೆರೆಗಳ ಚಿತ್ರ ಇದೆ, ಮೂಲೆಯಲ್ಲಿ ಕೈಮುಗಿದ ಸಾಹೇಬರು. ವರುಣನ ಹಿಂದೆಯೂ ಪಾಠಪುರಾವಾ ಮಾಡಿರಬೇಕು. ಶಹರದ ಬೆಸ್ಟ್ ಬಸ್ಸಿನ ಕನಿಷ್ಠ ಟಿಕೀಟು 2025ರ ಮೇಯಲ್ಲಿ 5 ರೂಪಾಯಿಯಿಂದ 10ಕ್ಕೆ ಜಿಗಿದದ್ದು ಮಾತ್ರ ಎಲ್ಲೂ ಕಾಣಲಿಲ್ಲ. ಅದರ ಹಿಂದೆ ಯಾರ ಪಾಠಪುರಾವಾ ಇತ್ತೋ.

ಇನ್ನು ಶಿಖರಪ್ರಾಯ ಸಾಲು: ‘ಜನತಾ ಶಿಬಿರದಲ್ಲಿ ನಾಗರಿಕರ ಸಮಸ್ಯೆಗಳಿಗೆ ಸ್ಥಳದಲ್ಲೇ ಸಮಾಧಾನ.’

ಹಿಂದಿಯವರಿಗೆ ಸಮಾಧಾನವೆಂದರೆ ಪರಿಹಾರ. ನಮ್ಮಲ್ಲಿ ಸಮಾಧಾನ ಏನೆಂದು ಸಾವಿನ ಮನೆಗೆ ಹೋಗಿಬಂದವರಿಗೆ ಗೊತ್ತು. ಆ ಶಿಬಿರಕ್ಕೆ ನಾನೂ ಮೂಲೆಯ ಹೋಟೆಲಿನ ಶೆಟ್ರೂ ಹೋಗಿದ್ದೆವು. ಶೆಟ್ರ ದೂರು ನೀರಿನದು. ಬೆಳಗಿನ ಜಾವ ನಾಲ್ಕೂವರೆಗೆ ಬರುತ್ತದೆ, ಇಡ್ಲಿಗೆ ನೆನೆಹಾಕಿದ ಅಕ್ಕಿ ತೊಳೆಯುವಷ್ಟರಲ್ಲಿ ನಿಲ್ಲುತ್ತದೆ. ಪಾಲಿಕೆಯ ದೂರಿನ ನಂಬರು 1916ಕ್ಕೆ ಫೋನು ಮಾಡಿ ಮಾಡಿ ಆ ನಂಬರು ಅವರಿಗೆ ಹೆಂಡತಿಯ ನಂಬರಿಗಿಂತ ಚೆನ್ನಾಗಿ ನೆನಪಿದೆ. ಸಾಹೇಬರು ಹೆಗಲ ಮೇಲೆ ಕೈಯಿಟ್ಟರು. ನೀರು ಪಾಲಿಕೆಯದು ಎಂದರು. ನಾನು ಸ್ಟೇಷನ್ನಿನ ಸೇತುವೆಯ ಮಾತು ತೆಗೆದೆ. ಅದು ರೈಲ್ವೆಯದು, ದಿಲ್ಲಿಗೆ ಹೇಳಬೇಕು ಎಂದು ನನ್ನ ಹೆಗಲ ಮೇಲೂ ಕೈಯಿಟ್ಟರು. ಹಾಗಾದರೆ ನಿಮ್ಮದು ಯಾವುದು ಎಂದು ಕೇಳಬೇಕೆಂದಿದ್ದೆ. ಕಾನೂನು ಮಾಡುವುದು ತಾನೇ? ಅದರ ಬಗ್ಗೆ ಅಹವಾಲದಲ್ಲಿ ಎರಡು ಫೋಟೊ ಇವೆ: ಒಂದು ವಿಧಾನಭವನದ ಮೆಟ್ಟಿಲ ಮೇಲೆ ಫಲಕ ಹಿಡಿದದ್ದು, ಇನ್ನೊಂದು ಚಳಿಗಾಲದ ಅಧಿವೇಶನಕ್ಕೆ ನಾಗಪುರಕ್ಕೆ ಹೋದಾಗ ಕಿತ್ತಳೆ ಹಣ್ಣು ಹಿಡಿದದ್ದು. ವರ್ಷಕ್ಕೊಂದು ಅಧಿವೇಶನ ನಾಗಪುರದಲ್ಲಾಗಬೇಕೆಂಬ 1953ರ ನಾಗಪುರ ಕರಾರಿನ ದೆಸೆಯಿಂದ ವರ್ಷಕ್ಕೊಮ್ಮೆ ಕಿತ್ತಳೆಯ ಯೋಗ.

ಹೊರಗೆ ಬಂದು ಶೆಟ್ರು ಲುಂಗಿ ಸರಿಮಾಡಿಕೊಂಡರು. “ಎಂತ ಸಮಾಧಾನ ಮಾರಾಯ್ರೆ! ನೀರು ಬರ್ಲಿಲ್ಲ, ಚಾ ಬಂತು. ಆ ಚಾ ಸಹ ನನ್ನ ಹೋಟ್ಲಿಂದೇ ಹೋದದ್ದು. ನಾನೂರು ಕಪ್ಪು. ಬಿಲ್ಲು ಇನ್ನೂ ಬಾಕಿ.”

“ಪಾಠಪುರಾವಾ ಮಾಡ್ರಿ ಶೆಟ್ರ” ಅಂದೆ. ಅವರಿಗೆ ನಗು ಬರಲಿಲ್ಲ.

ಮೊನ್ನೆ ಸಂಜೆ ಆಫೀಸಿನ ಆ ಹುಡುಗನೇ ಮನೆಗೆ ಬಂದ. ಪಾಪ, ಒಳ್ಳೆಯ ಹುಡುಗ, ಚಪ್ಪಲಿ ಹೊರಗೇ ಬಿಟ್ಟ. ಕನ್ನಡದ ಪುಟ ಸ್ವಲ್ಪ ‘ಗಡಬಡ’ ಆಗಿದೆಯಂತೆ, ಎರಡನೇ ಮುದ್ರಣಕ್ಕೆ ಮುಂಚೆ ತಪ್ಪು ತಿದ್ದಿಕೊಡಬೇಕಂತೆ. ನಾನು ಕನ್ನಡಕ ಹಾಕಿ ಕೆಂಪು ಪೆನ್ನು ಹಿಡಿದು ಕೂತೆ. ನಿಧಿಯನ್ನು ಅನುದಾನ ಮಾಡಲೆಂದು ಪೆನ್ನು ಊರಿದೆ, ಎತ್ತಿದೆ. ತಾತ್ಕಾಲಿಕದ ಹತ್ತಿರ ಹೋದೆ, ಕಿಟಕಿಯಿಂದ ರಸ್ತೆ ಕಾಣಿಸಿತು. ಅನುಮಾನಿತಕ್ಕೆ ಬಂದಾಗ ನನ್ನಾಕೆ ಒಳಗಿನಿಂದಲೇ “ಅದನ್ನ ಮುಟ್ಟಬ್ಯಾಡ್ರಿ” ಅಂದಳು. ಹುಡುಗ ನಾವು ಕೊಟ್ಟ ಚಹಾ ಕುಡಿದು ಮುಗಿಸಿದ, ಖಾಲಿ ಕಪ್ಪಿನೊಳಗೆ ಎರಡು ಸಲ ಇಣುಕಿದ.

ಕೊನೆಗೆ ಓಣಂ ಹೊಡೆದು ‘ಗಣೇಶ ಚೌತಿ’ ಎಂದು ಬರೆದು ಕಾಗದ ವಾಪಸು ಕೊಟ್ಟೆ.

“ಅಂಕಲ್, ಬಾಕಿ ಸಗಳಂ?” ಉಳಿದದ್ದೆಲ್ಲ ಏನು ಎಂದು ಕೇಳಿದ.

“ಬಾಕಿ ಸಗಳಂ ಬರೋಬರ್ ಆಹೇ.”