ಚಿಕ್ಕ ಪುಲ್ಲಿಯ ಸಲಹೆ ಅಪಾಯಕರ

ಹಳೆಯ ಟ್ರ್ಯಾಕ್ಟರಿನ ಬೆಲ್ಟ್ ಪುಲ್ಲಿಯಿಂದ, ಅಂದರೆ ಬೆಲ್ಟನ್ನು ಓಡಿಸುವ ಗಾಲಿಯಿಂದ, ಕಟ್ಟಿಗೆ ಕೊಯ್ಯುವ ಗರಗಸ ನಡೆಸಬಹುದೆಂದು ನೀವು ಪ್ರಕಟಿಸಿದ ಲೇಖನದಲ್ಲಿ ಲೇಖಕರು ಹೇಳಿರುವ ಮಾತು ಸರಿ. ಆದರೆ ಗರಗಸದ ಕಡೆಯ ಪುಲ್ಲಿ ಚಿಕ್ಕದಾದಷ್ಟೂ ಕೆಲಸ ಬೇಗ ಸಾಗುತ್ತದೆ ಎಂಬ ಅವರ ಸಲಹೆಯನ್ನು ನಾನು ಒಪ್ಪಲಾರೆ. ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒಗೆ (ಬೇರೆ ಯಂತ್ರಗಳಿಗೆ ಶಕ್ತಿ ಕೊಡುವ ಟ್ರ್ಯಾಕ್ಟರಿನ ತಿರುಗು ದಂಡಕ್ಕೆ) 40 ಸೆಂ.ಮೀ. ಪುಲ್ಲಿಯನ್ನೂ ಗರಗಸಕ್ಕೆ 15 ಸೆಂ.ಮೀ. ಪುಲ್ಲಿಯನ್ನೂ ಹಾಕಿದರೆ ಬ್ಲೇಡು 1440 ಸುತ್ತು ತಿರುಗುತ್ತದೆ; ಅದನ್ನೇ 10 ಸೆಂ.ಮೀ.ಗೆ ಇಳಿಸಿದರೆ 2160 ಸುತ್ತಾಗಿ, 60 ಸೆಂ.ಮೀ. ವ್ಯಾಸದ ಬ್ಲೇಡಿನ ಅಂಚು ಸೆಕೆಂಡಿಗೆ ಸುಮಾರು 68 ಮೀಟರ್ ವೇಗದಲ್ಲಿ ಓಡುತ್ತದೆ. ಬ್ಲೇಡಿನ ಗರಿಷ್ಠ ಸುತ್ತಿನ ಮಿತಿಯನ್ನು ನೋಡದೆ, ಅದರಲ್ಲೂ ಹಳೆಯ ಬ್ಲೇಡಿಗೆ, ಇಷ್ಟು ವೇಗ ಕೊಡುವುದು ಜೀವದೊಂದಿಗೆ ಚೆಲ್ಲಾಟವಾಡಿದಂತೆ.

ಗಂಟಿನಲ್ಲಿ ಬ್ಲೇಡು ಸಿಕ್ಕಿಕೊಂಡಾಗ ಜಾರಿಬಿಡುವುದೇ ಚಪ್ಪಟೆ ಬೆಲ್ಟಿನ ದೊಡ್ಡ ಗುಣ. ಅದನ್ನು ಅತಿಯಾಗಿ ಬಿಗಿದವರು ಆ ರಕ್ಷಣೆಯನ್ನೇ ಕಳೆದುಕೊಳ್ಳುತ್ತಾರೆ. ನಮ್ಮ ಶಿರಸಿಯ ಕಡೆ ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ಬೇಕಾದ ಕಟ್ಟಿಗೆಯನ್ನು ಮಳೆಗೆ ಮುಂಚೆ ಕೂಡಿಡುವ ಅವಸರದಲ್ಲಿ ಮಕ್ಕಳೂ ಬೆಲ್ಟಿನ ಹತ್ತಿರವೇ ಓಡಾಡುತ್ತಿರುತ್ತಾರೆ. ಲೇಖನದ ಚಿತ್ರದಲ್ಲಿ ಬ್ಲೇಡಿಗೆ ಕವಚವಿಲ್ಲ, ಬೆಲ್ಟಿಗೆ ಮರೆಯೂ ಇಲ್ಲ. ದಯವಿಟ್ಟು ಆ ಚಿತ್ರವನ್ನು ಬದಲಿಸಿ.